ತಂತಿಗೆ ಹೊಲಿದ ಕುಂಚಿಗೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆ ಭಾನುವಾರ ನಮ್ಮ ಮನೆಯಲ್ಲಿ ಎಲ್ಲ ಕೆಡಲು ಶುರುವಾದ ಹೊತ್ತು ಅದು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದಾಗ ಪಡಸಾಲೆಯ ಗಡಿಯಾರ ನನ್ನ ಮೂಗಿನ ಮುಂದೆಯೇ ಇತ್ತು. ಮನೆಯೊಳಗೆ ಅಷ್ಟೆಲ್ಲ ನಡೆಯುತ್ತಿರುವಾಗ ಅದರ ಸೆಕೆಂಡ್ ಮುಳ್ಳು ತನಗೆ ಸಂಬಂಧವೇ ಇಲ್ಲದಂತೆ ಸುತ್ತುತ್ತಿತ್ತು. ಆ ಮುಳ್ಳಿನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಅಂದಿನಿಂದ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಎಲ್ಲಿ ಬಂದರೂ ನಾನು ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಬಾಗಿಲು ಹುಡುಕುತ್ತೇನೆ. ಈಚೆಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸಿನಲ್ಲಿ, ರಾಜೇಶ್ವರ ದಾಟಿದ ಮೇಲೆ, ಅದೇ ವಾಸನೆ ಬಂತು. ಎದ್ದು ನಿಂತು "ಬಸ್ ನಿಲ್ಲಸ್ರಿ" ಎಂದೆ. ನನ್ನ ಮುಖ ಹೇಗಿತ್ತೋ, ಡ್ರೈವರ್ ಕೇಳದೆ ನಿಲ್ಲಿಸಿದ. ಹುಡುಕಿದರೆ, ಮುಂದಿನ ಸೀಟಿನ ಅಜ್ಜನೊಬ್ಬ ತನ್ನ ಹೊಸ ಚಪ್ಪಲಿಯನ್ನು ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟಿದ್ದ. ಅದರ ಅಟ್ಟೆ ಮೆತ್ತಗಾಗಿತ್ತು. "ಚಪ್ಲಿ ಉಳಿಸಿದಿ ತಾಯಿ" ಎಂದು ಅಜ್ಜ ಕೈಮುಗಿದ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟು, "ಬಿಪಿ ಅದೇನ್ರಿ ನಿಮಗ?" ಎಂದಳು. ನೀವು ನಗಬಹುದು. ನಾನೂ ನಕ್ಕೆ, ಬಸ್ಸಿಳಿದ ಮೇಲೆ.

ನನ್ನ ಉದ್ಯೋಗ ತಿಳಿದರೆ ನಿಮಗೆ ಇನ್ನಷ್ಟು ನಗು ಬಂದೀತು. ಹುಮನಾಬಾದಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಕಲಿಸುವುದೇ ಇದನ್ನು: ಯಾವ ತಂತಿ ಎಷ್ಟು ಕರೆಂಟನ್ನು ಸುರಕ್ಷಿತವಾಗಿ ಹೊರಬಲ್ಲದು ಎಂಬ ಲೆಕ್ಕವನ್ನು. ಲೆಕ್ಕ ಕಷ್ಟದ್ದಲ್ಲ. ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹುಟ್ಟಿದ ಬಿಸಿ ಸುತ್ತಲಿನ ಗಾಳಿಗೆ ಇಳಿದುಹೋಗಬೇಕು. ಹುಟ್ಟುವುದೂ ಇಳಿಯುವುದೂ ಸಮವಾದಲ್ಲಿ ತಂತಿ ಒಂದು ಉಷ್ಣತೆಗೆ ಬಂದು ನಿಲ್ಲುತ್ತದೆ. ಅಷ್ಟನ್ನು ಮೇಲಿನ ಪ್ಲಾಸ್ಟಿಕ್ ತಾಳಿಕೊಂಡರೆ ಮನೆ ಉಳಿಯಿತು, ಇಲ್ಲವಾದರೆ ಇಲ್ಲ. ಪುಸ್ತಕದ ಕೊನೆಯ ಪಟ್ಟಿಯಲ್ಲಿ ಒಂದೊಂದು ದಪ್ಪದ ತಂತಿಗೂ ಒಂದೊಂದು ಅಂಕಿ ಇದೆ. ಅದು ತಂತಿ ಒಂಟಿಯಾಗಿ, ಗಾಳಿಯಾಡುವ ಕಡೆ, ಕೈಕಾಲು ಚಾಚಿ ಮಲಗಿದ್ದಾಗಿನ ಅಂಕಿ. ಕೋಣೆ ಕಾದಿದ್ದರೆ ಅದನ್ನು ಒಂದಕ್ಕಿಂತ ಕಡಿಮೆಯ ಇನ್ನೊಂದು ಅಂಕಿಯಿಂದ ಗುಣಿಸಬೇಕು. ನಾಲ್ಕಾರು ತಂತಿಗಳ ಜತೆ ಒತ್ತಿಕೊಂಡಿದ್ದರೆ ಮತ್ತೊಂದರಿಂದ. ಗೋಡೆಯೊಳಗೋ ಹತ್ತಿಯೊಳಗೋ ಹೂತಿದ್ದರೆ ಮಗದೊಂದರಿಂದ. ಹುಡುಗರು ಪರೀಕ್ಷೆಯಲ್ಲಿ ಮೊದಲ ಅಂಕಿ ಬರೆದು, ಗುಣಿಸುವುದನ್ನು ಬಿಟ್ಟುಬಿಡುತ್ತಾರೆ. "ಅರ್ಧ ಮಾರ್ಕ್ಸಾದ್ರೂ ಕೊಡ್ರಿ ಮೇಡಂ" ಎಂದು ಬರುತ್ತಾರೆ. "ಅರ್ಧ ಮನಿ ಸುಟ್ರ ನಡೀತದೇನು?" ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಈಗ ಆ ಹಾಸ್ಯ ಬಿಟ್ಟಿದ್ದೇನೆ.

ಇನ್ನು ನಮ್ಮ ದೊಡ್ಡವ್ವನ ವಿಷಯ ಹೇಳಬೇಕು. ಅವಳನ್ನು ತಿಳಿಯದೆ ಆ ಭಾನುವಾರ ನಿಮಗೆ ತಿಳಿಯುವುದಿಲ್ಲ.

ನನ್ನ ಊರು ಕೊಹಿನೂರ. ಹೈಸ್ಕೂಲಿಗೆಂದು ಬಸವಕಲ್ಯಾಣದ ದೊಡ್ಡವ್ವನ ಮನೆಗೆ ಬಂದವಳು, ಕಾಲೇಜು ಮುಗಿಸಿ, ಕೆಲಸ ಹಿಡಿದು, ಇಲ್ಲೇ ಉಳಿದೆ. ಆಕೆ ನನ್ನ ಅವ್ವನ ಅಕ್ಕ. ದೊಡ್ಡಪ್ಪನಿಗೆ ಪೇಟೆಯಲ್ಲಿ ಬಟ್ಟೆಯಂಗಡಿ ಇತ್ತು. ಅವನು ಹೋಗಿ ಬಹಳ ವರ್ಷವಾಯಿತು, ಆದರೆ ಅಂಗಡಿಯ ತುಂಡು ಬಟ್ಟೆಗಳು ಇನ್ನೂ ಟ್ರಂಕುಗಳಲ್ಲಿ ತುಂಬಿವೆ. ದೊಡ್ಡವ್ವ ಅವುಗಳಿಂದ ಗವಸು ಹೊಲಿಯುತ್ತಾಳೆ. ಯಾವುದಕ್ಕೆ ಎಂದು ಕೇಳಬೇಡಿ, ಯಾವುದಕ್ಕಿಲ್ಲ ಎಂದು ಕೇಳಿ. ಟೀವಿಗೆ ಅಂಚಿನಲ್ಲಿ ನೆರಿಗೆಯ ಝಾಲರು ಬಿಟ್ಟ ಗವಸು. ರೇಡಿಯೋ ಕೆಟ್ಟುಹೋಗಿ ಕಾಲವಾಗಿದ್ದರೂ ಅದಕ್ಕೆ ಪ್ರತಿ ದೀಪಾವಳಿಗೆ ಹೊಸ ಬಟ್ಟೆ. ಗ್ಯಾಸ್ ಸಿಲಿಂಡರಿಗೆ ಲಂಗ. ಫ್ರಿಜ್ಜಿನ ಹಿಡಿಕೆಗೆ ತೋಳು. ನಾನು ಕಾಲೇಜಿಗೆ ಒಯ್ಯುತ್ತಿದ್ದ ಕ್ಯಾಲ್ಕುಲೇಟರಿಗೆ ಗುಂಡಿ ಇದ್ದ ಅಂಗಿ ಇತ್ತು. ಪ್ರತಿ ಲೆಕ್ಕಕ್ಕೂ ಅದನ್ನು ಬಿಚ್ಚಿ, ಉತ್ತರ ಬಂದ ಮೇಲೆ ತೊಡಿಸಬೇಕಾಗುತ್ತಿತ್ತು. ಗೆಳತಿಯರು "ನಿನ್ ಕೂಸು ಅಳಾಕತ್ತದ ನೋಡು" ಎಂದು ಆಡಿಕೊಳ್ಳುತ್ತಿದ್ದರು. ನಾಚಿಕೆಯಾಗಿ ಒಮ್ಮೆ ಆ ಅಂಗಿಯನ್ನು ಮನೆಯಲ್ಲೇ ಬಿಟ್ಟುಹೋದೆ. ಸಂಜೆ ಬಂದಾಗ ದೊಡ್ಡವ್ವ, "ಥಂಡಿ ಇತ್ತಲ್ಲ ಇವತ್ತ" ಎಂದಳು, ಅಷ್ಟೆ. ಮರುದಿನದಿಂದ ಕ್ಯಾಲ್ಕುಲೇಟರು ಮತ್ತೆ ಅಂಗಿ ತೊಟ್ಟಿತು.

ಮುಚ್ಚುವುದು ಆಕೆಗೆ ಪ್ರೀತಿ ಮಾಡುವ ರೀತಿ. ಬೇರೆಯವರು ಊಟಕ್ಕೆ ಬಡಿಸುತ್ತಾರಲ್ಲ, ಹಾಗೆ.

ಈ ಚಳಿಗಾಲದ ಆರಂಭದಲ್ಲಿ ದೊಡ್ಡವ್ವನ ಮಗಳು ಸುವರ್ಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಹುಮನಾಬಾದಿಗೆ. ಹೆಣ್ಣುಕೂಸು ಹುಟ್ಟಿತು. ಹಿಂದಿನ ಕೋಣೆ ಬಾಣಂತಿ ಕೋಣೆಯಾಯಿತು. ನಮ್ಮ ಕಡೆಯ ಬಾಣಂತನ ನಿಮಗೆ ಗೊತ್ತಿದ್ದರೆ ಆ ಕೋಣೆಯೂ ಗೊತ್ತು: ಕಿಟಕಿಯ ಸಂದಿಗಳಿಗೆಲ್ಲ ಚಿಂದಿ ತುರುಕಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಸೊಳ್ಳೆಗೂ ಒಳಗೆ ಬರಲು ದಾರಿಯಿಲ್ಲದಂತೆ ಬಂದೋಬಸ್ತು ಮಾಡುತ್ತಾರೆ. ತಾಯಿಯ ತಲೆಗೆ ಬಿಗಿಯಾಗಿ ಬಟ್ಟೆ, ಕೂಸಿನ ತಲೆಗೆ ಕುಂಚಿಗೆ. ದೊಡ್ಡವ್ವ ಗಳಿಗೆಗೊಮ್ಮೆ ಬಂದು, ಕುಂಚಿಗೆಯೊಳಗೆ ಅಂಗೈಯ ಹಿಂಬದಿ ಸೇರಿಸಿ, ಕೂಸಿನ ಕುತ್ತಿಗೆ ಮುಟ್ಟಿ ನೋಡುತ್ತಿದ್ದಳು. ಬೆವರಿದ್ದರೆ ಒಂದು ಬಟ್ಟೆ ತೆಗೆಯುವಳು, ತಣ್ಣಗಿದ್ದರೆ ಒಂದು ಹೊದಿಸುವಳು. ದಿನಕ್ಕೆ ಅದೆಷ್ಟು ಸಲವೋ.

ಜಗಳ ಬಂದದ್ದು ಕೆಂಡದ ಮೇಲೆ. ಬಾಣಂತಿ ಮಲಗುವ ಹಗ್ಗದ ಹೊರಸಿನ ಕೆಳಗೆ ಕೆಂಡದ ಬೋಗುಣಿ ಇಟ್ಟು, ಅಜವಾನ, ಲೋಬಾನ ಹಾಕಿ ಹೊಗೆ ಕೊಡುವುದು ವಾಡಿಕೆ.

"ಅಷ್ಟು ಹೊಗಿ ಕೂಸಿನ ಎದಿಗಿ ಒಳ್ಳೇದಲ್ಲ ದೊಡ್ಡವ್ವ. ಡಾಕ್ಟರೂ ಹೇಳ್ಯಾರ" ಎಂದೆ.

"ನಿಮ್ಮವ್ವನ ಬಾಣಂತನಾನೂ ನಾನೇ ಮಾಡೀನಿ, ನಿಮ್ಮಿಬ್ಬರಿಗೂ ಇದೇ ಹೊಗಿ ಕೊಟ್ಟೀನಿ. ಒಬ್ಬಾಕಿ ಮೇಡಂ ಆದಿ, ಒಬ್ಬಾಕಿ ತಾಯಿ ಆದಳು. ಎದಿಗಿ ಏನಾಗ್ಯಾದ?"

"ಈ ಚಳ್ಯಾಗ ಬಾಗಿಲಾ ಹಾಕ್ಕೊಂಡು ಕೆಂಡ ಇಟ್ರ ಉಸಿರು ಕಟ್ತದ. ಹೀಟರ್ ತರ್ತೀನಿ."

"ಅದರಾಗ ಅಜವಾನ ಹಾಕ್ಲಿಕ್ಕ ಬರ್ತದೇನು?"

ಒಳಗಿನಿಂದ ಸುವರ್ಣಾ, "ಯವ್ವಾ, ಅಕ್ಕನ ಮಾತು ಕೇಳು. ನನ್ ಕಣ್ಣು ಉರಿಯಾಕತ್ತಾವ" ಎಂದಳು. ದೊಡ್ಡವ್ವ ಸೋತಳು. ಬಾಣಂತಿಯ ಮಾತು ಮೀರಬಾರದೆಂಬ ಶಾಸ್ತ್ರವೂ ಅವಳದ್ದೇ.

ಹೀಟರು ಎರಡು ಸಾವಿರ ವಾಟಿನದು. ಇನ್ನೂರಾ ಮೂವತ್ತರಿಂದ ಭಾಗಿಸಿದರೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ ಆಂಪಿಯರ್. ಬಾಣಂತಿ ಕೋಣೆಯ ಹಳೆಯ ಸಣ್ಣ ಪ್ಲಗ್ಗಿಗೆ ಅದು ಹೆಚ್ಚು. ಅಡುಗೆಮನೆಯಲ್ಲಿ ಗೀಸರಿಗೆಂದು ಹಾಕಿಸಿದ ದೊಡ್ಡ ಪ್ಲಗ್ಗಿದೆ. ಅಲ್ಲಿಂದ ಲೈನು ಎಳೆಯುವುದೆಂದಾಯಿತು. ಪಟ್ಟಿ ನೋಡಿ, ಕೋಣೆಯ ಬಿಸಿಗೆ ಗುಣಿಸಿ, ಬೇಕಾದುದಕ್ಕಿಂತ ಒಂದು ಮೆಟ್ಟಿಲು ದಪ್ಪದ ತಂತಿ ತಂದೆ. ಮುಂದೆ ಕೋಣೆ ಬದಲಾದರೆ ಇರಲಿ ಎಂದು ಉದ್ದವೂ ಹೆಚ್ಚೇ ತಂದೆ. ಗೋಡೆಗುಂಟ ಮೊಳೆ ಹೊಡೆದು ಎಲ್ಲವನ್ನೂ ಗಾಳಿಗೆ ಬಿಟ್ಟು, ಮಿಕ್ಕ ಉದ್ದವನ್ನು ಕೋಣೆಯ ಗೋಡೆಯ ಮೇಲೆ ಸಡಿಲವಾಗಿ ಅಂಕುಡೊಂಕಾಗಿ ಹರಡಿದೆ. ನೋಡಲು ಚೆಂದವಿರಲಿಲ್ಲ, ಆದರೆ ಲೆಕ್ಕ ಸರಿಯಿತ್ತು. ಸ್ಟೂಲಿನಿಂದ ಇಳಿಯುವ ಮುಂಚೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ಯಾರೂ ತಂತಿ ಮುಟ್ಟಬ್ಯಾಡ್ರಿ."

ಆ ವಾರ ಕಾಲೇಜಿನಲ್ಲಿ ಪರೀಕ್ಷೆ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆ. ಹೊರಗಿನ ಗಾಳಿ ಮೈಯಲ್ಲಿ ಹೊತ್ತು ಬಂದವರಿಗೆ ಬಾಣಂತಿ ಕೋಣೆಗೆ ಪ್ರವೇಶವಿಲ್ಲ. ಕೌದಿಯ ಈಚೆಯಿಂದಲೇ ಸುವರ್ಣಾಳನ್ನು ಮಾತಾಡಿಸಿ ಮಲಗುತ್ತಿದ್ದೆ. ಒಳಗೆ ಹೋಗಲು ಅಪ್ಪಣೆ ಸಿಕ್ಕಿದ್ದು ಭಾನುವಾರ, ತಲೆಸ್ನಾನ ಮಾಡಿದ ಮೇಲೆ.

ಕೌದಿ ಸರಿಸಿದೆ. ಬೆಚ್ಚಗಿತ್ತು. ಎಣ್ಣೆ ನೀರು ಹಾಕಿಸಿಕೊಂಡ ತಾಯಿ ಮಗಳು ಹೊರಸಿನ ಮೇಲೆ ಗಾಢ ನಿದ್ದೆಯಲ್ಲಿದ್ದರು. ಮೊದಲು ಮೂಗಿಗೆ ಬಂದದ್ದು ಕೊಬ್ಬರಿ ಎಣ್ಣೆ, ಆಮೇಲೆ ಬಾಣಂತಿಗೆ ಮಾಡುವ ಅಳವಿ ಕಾಳಿನ ಪಾಯಸ, ಅದರ ಹಿಂದೆ ಏನೋ ಹುಳಿಯಾದದ್ದು, ಮೀನಿನಂಥದ್ದು. ನಮ್ಮ ಮನೆಯಲ್ಲಿ ಮೀನು ಬರುವುದಿಲ್ಲ. ಬಿಸಿಯಾದ ಪ್ಲಾಸ್ಟಿಕ್ಕು ಹಾಗೆ ನಾರುತ್ತದೆ. ಗೋಡೆ ನೋಡಿದೆ, ತಂತಿ ಇರಲಿಲ್ಲ. ಅಂದರೆ, ಕಾಣುತ್ತಿರಲಿಲ್ಲ. ಅದರ ಉದ್ದಕ್ಕೂ ಹಸಿರು ಹೂವಿನ ಬಟ್ಟೆಯ ತೋಳು ತೊಡಿಸಿತ್ತು. ಆ ತೋಳು ಗೋಡೆ ಇಳಿದು ಹೊರಸಿನ ಕೆಳಗೆ ಹೋಗಿ, ಬಾಯಿ ಹೊಲಿದ ಒಂದು ದುಂಡನೆಯ ಚೀಲದಲ್ಲಿ ಮುಗಿಯುತ್ತಿತ್ತು. ಮಿಕ್ಕ ತಂತಿಯನ್ನೆಲ್ಲ ಒಪ್ಪವಾಗಿ ಸುರುಳಿ ಸುತ್ತಿ, ಸುತ್ತಲೂ ಹತ್ತಿ ತುಂಬಿ, ದಿಂಬಿನಂತೆ ಮಾಡಿ ಇಟ್ಟಿದ್ದಳು ದೊಡ್ಡವ್ವ. ಆ ದಿಂಬಿನಿಂದ ಎಳೆಯಂಥ ಹೊಗೆ ಏಳುತ್ತಿತ್ತು. ನಾನು ನೋಡುತ್ತಿದ್ದಂತೆ ಅದರೊಳಗೆ ಚಟ್ ಎಂದಿತು. ಒಂದು ಕಡೆ ಬಟ್ಟೆ ಕಪ್ಪಾಗಿ, ಕೆಂಪಾಗಿ, ಬಾಯಿ ತೆರೆಯಿತು.

ಆಮೇಲಿನದನ್ನು ನಾನು ದಿನವೂ ಮತ್ತೆ ಮತ್ತೆ ನೋಡುತ್ತೇನೆ. ಮನಸ್ಸಿನಲ್ಲಿ ಅದು ಪ್ರತಿ ಸಲವೂ ನಿಧಾನವಾಗಿ ನಡೆಯುತ್ತದೆ, ಪ್ರತಿ ಸಲವೂ ನಾನು ತಡಮಾಡುತ್ತೇನೆ. ನಿಜವಾಗಿ ತಡ ಮಾಡಲಿಲ್ಲವಂತೆ. "ಸುವರ್ಣಾ, ಕೂಸಿಗಿ ತಗೊಂಡು ಹೊರಗ ನಡಿ" ಎಂದವಳೇ ಪಡಸಾಲೆಗೆ ಓಡಿ ಮೇನ್ ಎಳೆದೆ. ವಾಪಸ್ಸು ಬರುವಷ್ಟರಲ್ಲಿ ಹೊರಸಿನ ಹಗ್ಗಕ್ಕೆ ಹತ್ತಿತ್ತು, ಹಾಸಿಗೆಯ ಅಂಚಿನಿಂದ ಹೊಗೆ ಬರುತ್ತಿತ್ತು. ಹೆರಿಗೆಯ ಹೊಲಿಗೆ ಇನ್ನೂ ಹಸಿಯಾಗಿದ್ದ ಸುವರ್ಣಾ ಗೋಡೆ ಹಿಡಿದು ಏಳುತ್ತಿದ್ದಳು. ಕೂಸನ್ನು ಎದೆಗವಚಿಕೊಂಡಿದ್ದಳು. ಅವಳ ತೋಳು ಹಿಡಿದು ಹೊರಗೆಳೆದೆ. ಸ್ನಾನದ ನೀರಿನ ಕೊಡ ಹೊತ್ತು ಬರುತ್ತಿದ್ದ ದೊಡ್ಡವ್ವ ಎಲ್ಲ ನೋಡಿದಳು. ಕೊಡದ ನೀರನ್ನು ಹೊರಸಿನ ಮೇಲೆ ಸುರಿದಳು. ಆಮೇಲೆ ಹಿತ್ತಲಿಗೆ ಹೋಗುತ್ತಿದ್ದ ಮಗಳ ಕಡೆ ತಿರುಗಿ, ಇಷ್ಟರ ನಡುವೆಯೂ, "ತಲಿಗಿ ಕಟ್ಕೋ, ಗಾಳಿ ಅದ" ಎಂದಳು.

ಹಿತ್ತಲಿನ ಮೋಟುಗೋಡೆಯ ಆಚೆ ಪಕ್ಕದ ಮನೆಯ ನಸೀಮಾ ಆಪಾ ಬಟ್ಟೆ ಒಣಹಾಕುತ್ತಿದ್ದರು. ಹೊಗೆ ನೋಡಿದವರೇ, "ಬಚ್ಚಾ ಇಕಡಿ ಕೊಡು, ಜಲ್ದಿ" ಎಂದು ಕೈ ಚಾಚಿ ಕೂಸನ್ನು ತೆಗೆದುಕೊಂಡರು. ಕೊರಳಲ್ಲಿದ್ದ ದುಪಟ್ಟಾ ತೆಗೆದು ಸುವರ್ಣಾಳ ತಲೆಗೆ ಸುತ್ತಿದರು. ಬೆಂಕಿ ಆರಿತು. ಒಂದು ಹೊರಸು, ಎರಡು ಕೌದಿ, ಗೋಡೆಯ ಅರ್ಧ ಸುಣ್ಣ ಹೋದವು. ಕೂಸು ಎಚ್ಚರಾಗಿ, ನಸೀಮಾ ಆಪಾನ ಮೂಗುಬೊಟ್ಟು ನೋಡುತ್ತ ಮಲಗಿತ್ತು.

ಫ್ಯೂಸು ಯಾಕೆ ಹೋಗಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಅದರ ಲೆಕ್ಕದಲ್ಲಿ ತಪ್ಪೇನೂ ಆಗಿರಲಿಲ್ಲ. ಹರಿದದ್ದು ಅದೇ ಒಂಬತ್ತು ಆಂಪಿಯರ್. ಹರಡಿ ಬಿಟ್ಟ ತಂತಿಗೆ ಅದು ಏನೂ ಅಲ್ಲ. ಸುರುಳಿ ಸುತ್ತಿ ಹತ್ತಿಯಲ್ಲಿಟ್ಟ ಅದೇ ತಂತಿಗೆ ಬಿಸಿ ಇಳಿಸಲು ದಾರಿಯಿಲ್ಲ. ಒಂದು ಸುತ್ತಿನ ಬಿಸಿ ಪಕ್ಕದ ಸುತ್ತಿಗೆ, ಅದರದು ಇದಕ್ಕೆ.

ಸಂಜೆ ದೊಡ್ಡವ್ವ ಸುಟ್ಟ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲಿ ಕೂತಿದ್ದಳು.

"ನೀ ಮುಟ್ಟಬ್ಯಾಡ್ರಿ ಅಂದಿದ್ದಿ" ಎಂದಳು. "ಕೂಸಿಗಿ ನೋಡ್ಲಾಕ ಬರೋರು ಹತ್ತು ಮಂದಿ. ಮಕ್ಕಳು ಬರ್ತಾವ. ಯಾರಾದ್ರೂ ಮುಟ್ಟಿದ್ರ? ಅದಕ್ಕ ಮುಚ್ಚಿದೆ. ಹತ್ತಿ ತುಂಬಿದ್ರ ಕರೆಂಟು ಹೊರಗ ಬರಲ್ಲಂತ ತಿಳದೆ. ಬಿಸಿ ಹೀಟರಿನ್ಯಾಗ ಇರ್ತದ, ತಂತಿ ಬರೇ ದಾರಿ, ಅದಕ್ಕೇನು ಆಗ್ತದ ಅಂದ್ಕೊಂಡೆ. ತಂತಿ ತನ್ನ ಬಿಸಿ ತಾನೇ ಹುಟ್ಟಸ್ತದಂತ ನನಗ್ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಹೇಳುವ ಉದ್ಯೋಗದವಳು ಪಕ್ಕದಲ್ಲೇ ಕೂತು ಅವಳ ಬೆನ್ನು ಸವರುತ್ತಿದ್ದೆ.

ಅಂದಿನಿಂದ ದೊಡ್ಡವ್ವ ಕೂಸನ್ನು ಮುಟ್ಟುವುದು ಬಿಟ್ಟಳು. ಅಡುಗೆ ಮಾಡುವಳು, ನೀರು ಕಾಸುವಳು, ಬಟ್ಟೆ ಒಗೆಯುವಳು. ಕೂಸು ಅತ್ತರೆ ಬಾಗಿಲ ತನಕ ಬಂದು ನಿಂತು ನನ್ನನ್ನು ಕರೆಯುವಳು. ಕಾಲ ಮೇಲೆ ಮಲಗಿಸಿ ಕೂಸಿಗೆ ನೀರೆರೆಯುವುದಕ್ಕೆ ನಸೀಮಾ ಆಪಾ ಬರತೊಡಗಿದರು. "ನನ್ ಕೈ ಬ್ಯಾಡ ಆಪಾ" ಎಂದಿದ್ದಳಂತೆ ದೊಡ್ಡವ್ವ. ಕೋಣೆ ಮತ್ತೆ ಕೆಂಡಕ್ಕೆ ಮರಳಲಿಲ್ಲ, ಹೀಟರಿಗೂ ಮರಳಲಿಲ್ಲ. ಸುವರ್ಣಾ ಕೂಸನ್ನು ಮೈಗಪ್ಪಿಕೊಂಡು ಕೌದಿಗಳ ಕೆಳಗೆ ನಡುಗುತ್ತಿದ್ದಳು. ರಾತ್ರಿ ಯಾರಿಗೂ ನಿದ್ದೆ ಇಲ್ಲ. ನಾನು ಎದ್ದೆದ್ದು ಮನೆಯ ಪ್ಲಗ್ಗುಗಳನ್ನೆಲ್ಲ ಕೈಯಿಟ್ಟು ನೋಡುತ್ತಿದ್ದೆ. ಫ್ರಿಜ್ಜನ್ನು ಬಂದ್ ಮಾಡಿ ಹಾಲು ಒಡೆಸಿದೆ. ನಾನು ಏಳುವಾಗೆಲ್ಲ ದೊಡ್ಡವ್ವ ಆಗಲೇ ಎದ್ದು ಕೂತಿರುತ್ತಿದ್ದಳು. ಒಬ್ಬರನ್ನೊಬ್ಬರು ನೋಡಿ ಮತ್ತೆ ಮಲಗಿದಂತೆ ಮಾಡುತ್ತಿದ್ದೆವು.

ಸುದ್ದಿ ಹುಮನಾಬಾದಿಗೆ ಮುಟ್ಟದಿರುತ್ತದೆಯೇ? ಸುವರ್ಣಾಳ ಅತ್ತೆ ಇಂದಿರಾಬಾಯಿ ಕಾರು ಮಾಡಿಕೊಂಡು ಬಂದರು. ಹುಮನಾಬಾದಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಗಿರಣಿಯ ಸಪ್ಪಳದ ಮೇಲೆ ಮಾತಾಡಿ ರೂಢಿಯಾಗಿ, ಮನೆಯಲ್ಲೂ ಬೀದಿಗೆ ಕೇಳುವಂತೆ ಮಾತಾಡುತ್ತಾರೆ. ಕೂತವರೇ, "ಸೊಸಿಗಿ ಕರ್ಕೊಂಡು ಹೋಗ್ಲಾಕ ಬಂದೀನಿ" ಎಂದರು.

ಬಾಣಂತನ ಮುಗಿಯುವ ಮೊದಲು ಮಗಳನ್ನು ತವರಿನಿಂದ ಕರೆದೊಯ್ಯುವುದೆಂದರೆ ಆ ತವರಿಗೆ ಉಳಿಯುವ ಮಾತು ಯಾವುದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವ್ವ ಬೇಡವೆನ್ನಲಿಲ್ಲ. ಒಳಗೆ ಹೋಗಿ ಕೂಸಿನ ಬಟ್ಟೆ ಮಡಚತೊಡಗಿದಳು. ಅವಳು ಜಗಳವಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು.

"ಅತ್ತಿ, ನಾ ಬರಲ್ರಿ" ಎಂದಳು ಸುವರ್ಣಾ ಒಳಗಿನಿಂದಲೇ.

"ನಿನಗ್ಯಾರು ಕೇಳ್ಯಾರ" ಎಂದರು ಇಂದಿರಾಬಾಯಿ. ನನ್ನ ಕಡೆ ತಿರುಗಿ, "ಏನಾಯ್ತು ಸರಿಯಾಗಿ ಹೇಳು. ಊರಾಗ ಒಬ್ಬೊಬ್ರು ಒಂದೊಂದು ಹೇಳಾಕತ್ತಾರ. ಕೆಂಡಾ ಬಿದ್ದಾದಂತ ಒಬ್ಬಾಕಿ, ಸಿಲಿಂಡರ್ ಒಡದದಂತ ಒಬ್ಬಾಕಿ."

ನಾನು ಎಲ್ಲ ಹೇಳಿದೆ. ತಂತಿಯ ಬಿಸಿ, ಗಾಳಿ, ಸುರುಳಿ, ಹತ್ತಿ. ಪಾಠ ಮಾಡುವವರ ಚಟ, ನಡುವೆ ಎರಡು ಸಲ "ತಿಳೀತಾ?" ಎಂದು ಕೇಳಿಬಿಟ್ಟೆ. ಇಂದಿರಾಬಾಯಿ ಪೂರ್ತಿ ಕೇಳಿದರು. ಆಮೇಲೆ ಎದ್ದು, ಒಳಗೆ ಬಟ್ಟೆ ಮಡಚುತ್ತಿದ್ದ ದೊಡ್ಡವ್ವನ ಎದುರು ನೆಲದ ಮೇಲೆ ಕೂತರು. ಜೀವಮಾನದಲ್ಲಿ ಮೊದಲ ಸಲವೋ ಏನೋ, ಸಣ್ಣ ದನಿಯಲ್ಲಿ ಮಾತಾಡಿದರು.

"ಬೀಗರ, ನಮ್ ಗಿರಣಿ ಮೋಟರ್ ಹ್ಯಾಂಗ ಸುಟ್ಟಿತ್ತು ಗೊತ್ತದೇನ್ರಿ? ಹಿಟ್ಟಿನ ದೂಳು ಕೂಡಬಾರ್ದಂತ ನಾನೇ ಅದಕ್ಕ ಗೋಣಿಚೀಲ ಹೊಚ್ಚಿದ್ದೆ. ದೊಡ್ಡ ಶಾಣ್ಯಾಕಿ. ಭುಗ್ ಅಂತು. ನಮ್ ಮನ್ಯೋರು ಬೈದಿದ್ದು ಈಗೂ ಕಿವ್ಯಾಗ ಅದ. ಯಾರಿಗೂ ಹೇಳಿಲ್ಲ, ನಿಮಗೇ ಹೇಳಾಕತ್ತೀನಿ."

ದೊಡ್ಡವ್ವ ಮಡಚುವುದನ್ನು ನಿಲ್ಲಿಸಿದಳು. "ಖರೇನಾ?" ಎಂದಳು.

"ಸುಳ್ಳು ಹೇಳಿ ನನಗೇನ್ ಸಿಗ್ತದ? ಅದರ ಮ್ಯಾಲ ಕೂಸು ಮಲಗಿರ್ಲಿಲ್ಲ, ಅಷ್ಟೇ ನನ್ ನಸೀಬು."

ದೊಡ್ಡವ್ವ ಅತ್ತಳು. ಬೆಂಕಿಯ ದಿನದಿಂದ ಅತ್ತಿರಲಿಲ್ಲ. ಇಂದಿರಾಬಾಯಿ ಅವಳ ಕೈಯಿಂದ ಬಟ್ಟೆ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಗಿರಣಿಯ ದನಿಯಲ್ಲಿ, "ಕಾರಿನಾಂವಗ ಹೋಗಂತ ಹೇಳು. ನಾ ನಾಕ್ ದಿನಾ ಇಲ್ಲೇ ಇರ್ತೀನಿ. ನನ್ ಮೊಮ್ಮಗಳು ಹ್ಯಾಂಗ ಬೆಚ್ಚಗ ಇರ್ತಾಳ ನೋಡೇ ಹೋಗ್ತೀನಿ" ಎಂದರು.

ಇಲ್ಲೊಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ಮರುದಿನ ಕಾಲೇಜಿನಿಂದ ಬರುವಾಗ ಕಾಲು ತಾನಾಗಿ ಆ ಗಿರಣಿಯ ಕಡೆ ಹೋಯಿತು. ಮೋಟರು ನೋಡಿದರೆ ಹಳೆಯದು. ಗಿರಣಿ ನೋಡಿಕೊಳ್ಳುವ ಹಿರಿಯನನ್ನು, ಅದು ಯಾವಾಗ ಸುಟ್ಟಿತ್ತು ಎಂದು ಕೇಳಿದೆ. "ಇದಾ? ಸುರುವಾತಿಂದ ನಾನೇ ಇದ್ದೀನ್ರಿ, ಒಂದ್ ಸಲಾನೂ ಸುಟ್ಟಿಲ್ಲ" ಎಂದ, ಹೆಮ್ಮೆಯಿಂದ. ಮನೆಗೆ ಬಂದು ನಾನು ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಇಂದಿರಾಬಾಯಿ ರೊಟ್ಟಿ ಮುರಿಯುತ್ತ, "ಗಿರಣಿಗಿ ಹೋಗಿದ್ದಿಯಂತಲ್ಲ" ಎಂದರು. "ಬೀಸಲಾಕ ಏನೂ ಒಯ್ದಿರ್ಲಿಲ್ಲಂತ?" ಫೋನು ನನಗಿಂತ ಮುಂಚೆ ಮುಟ್ಟಿತ್ತು. ನಾನು ತಟ್ಟೆ ನೋಡುತ್ತ ಪಲ್ಯ ಹಾಕಿಸಿಕೊಂಡೆ.

ಆ ವಾರ ಕೋಣೆಗೆ ಸರಿಯಾದ ಲೈನು ಹಾಕಿಸಿದೆ. ಮೇನಿನಿಂದ ನೇರ, ಬೇಕಾದಷ್ಟೇ ಉದ್ದ, ತನ್ನದೇ ಸ್ವಿಚ್ಚು. ಹೀಟರಿಗೆ ಹೋಗುವ ತಂತಿ ಒಂದು ಮಾರು ಬಯಲಿಗೆ ಕಾಣುವಂತೆ ಉಳಿಯಿತು. ಹೀಟರು ಹಚ್ಚಿದೆ. ಸುವರ್ಣಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಇಂದಿರಾಬಾಯಿ ಕಾಲು ನೀವಿಕೊಳ್ಳುತ್ತಿದ್ದರು. ದೊಡ್ಡವ್ವ ಹೊಸ್ತಿಲ ಆಚೆ.

"ಒಳಗ ಬಾ ದೊಡ್ಡವ್ವ" ಎಂದೆ. "ಇದಕ್ಕ ಮುಟ್ಟಿ ನೋಡು."

"ಮುಟ್ಟಬ್ಯಾಡ ಅಂದಾಕಿ ನೀನೇ."

"ಆವಾಗ ತಪ್ಪು ಹೇಳೀನಿ. ಹೊದಿಕಿ ಹರಿದಿದ್ರ ಮುಟ್ಟಬಾರ್ದು. ಇದು ಹೊಸಾದದ. ಕೂಸಿನ ಕುತ್ತಿಗಿ ಹ್ಯಾಂಗ ನೋಡ್ತಿ, ಹಂಗೇ ಅಂಗೈ ಹಿಂದಿನಿಂದ ನೋಡು. ಬಿಸಿ ಅನಿಸಿದ್ರ ನನಗ ಹೇಳು, ಬಂದ್ ಮಾಡು. ದಿನಾ ನೋಡೋದು ನಿನ್ ಕೆಲಸ. ನಾ ಕಾಲೇಜಿಗಿ ಹೋದ ಮ್ಯಾಲ ಈ ಮನ್ಯಾಗ ಯಾರಿದ್ದಾರ ನೋಡೋರು?"

ಅವಳು ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಚೇಳು ಮುಟ್ಟುವವರಂತೆ ಒಮ್ಮೆ ತಾಗಿಸಿ ಕೈ ಹಿಂದೆಳೆದಳು, ಮತ್ತೆ ಇಟ್ಟಳು. ಇಟ್ಟ ಕೈಯನ್ನು ಈ ಸಲ ತೆಗೆಯಲಿಲ್ಲ. ಕಣ್ಣು ಮುಚ್ಚಿ, ಯಾರದೋ ಜ್ವರ ನೋಡುವಂತೆ ನೋಡಿದಳು.

"ಉಗರ್ ಬೆಚ್ಚಗದ" ಎಂದಳು. "ಅಷ್ಟೇ ಅದ."

"ಅಷ್ಟೇ ಇರಬೇಕು."

"ಗಾಳಿ ಆಡಾಕತ್ತದಲ್ಲ, ಅದಕ್ಕ" ಎಂದಳು, ನನಗೆ ತಿಳಿಸಿ ಹೇಳುವಂತೆ. ಆಮೇಲೆ ಅವಳಿಗೇ ಗೊತ್ತಿಲ್ಲದೆ, ಅದೇ ಕೈ ತಂತಿಯಿಂದ ಎದ್ದು ಪಕ್ಕದ ಕೂಸಿನ ಕುಂಚಿಗೆಯೊಳಗೆ ಹೋಯಿತು. 

"ಬೆವತದಲ್ಲೇ ಇದು" ಎಂದಳು ದೊಡ್ಡವ್ವ ಮಗಳಿಗೆ, ಸಿಟ್ಟಿನಿಂದ. "ಎಷ್ಟ್ ಬಟ್ಟಿ ಸುತ್ತೀಯ? ಒಂದು ತಗೀ."

ಸುವರ್ಣಾ ತಲೆ ತಗ್ಗಿಸಿ ಒಂದು ಬಟ್ಟೆ ಬಿಚ್ಚಿದಳು. ಇಂದಿರಾಬಾಯಿ ಗೋಡೆಯ ಕಡೆ ತಿರುಗಿಕೊಂಡು ತಮ್ಮ ಮೊಣಕಾಲನ್ನು ಬಹಳ ಜೋರಾಗಿ ತಿಕ್ಕಿಕೊಂಡರು.

ಅದು ಬುಧವಾರ. ಗುರುವಾರ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ನನ್ನ ಬಸ್ಸು ಆಗಲೇ ಹೋಗಿತ್ತು. ಹೊರಗೆ ಹಾಲಿನವನು ಕೂಗಿ ಕೂಗಿ, ಪಾತ್ರೆ ಸಿಗದೆ, ನಸೀಮಾ ಆಪಾನ ಮನೆಯಲ್ಲಿ ಕೊಟ್ಟು ಹೋಗಿದ್ದನಂತೆ. ಏನೋ ಆಗಿದೆ ಎಂದು ಓಡಿಹೋಗಿ ಕೋಣೆಯ ಕೌದಿ ಸರಿಸಿದೆ. ಹೀಟರು ಬಂದಾಗಿತ್ತು. ಇಂದಿರಾಬಾಯಿ ಗಿರಣಿಯಂತೆ ಗೊರಕೆ ಹೊಡೆಯುತ್ತಿದ್ದರು. ಸುವರ್ಣಾಳ ತಲೆಯ ಬಟ್ಟೆ ಜಾರಿತ್ತು. ಅವರ ನಡುವೆ ದೊಡ್ಡವ್ವ, ಬಾಯಿ ತುಸು ತೆರೆದು, ತನಗೇ ಏನೂ ಹೊದ್ದುಕೊಳ್ಳದೆ, ಮಗ್ಗುಲಲ್ಲಿ ಕೂಸನ್ನಿಟ್ಟುಕೊಂಡು ಮಲಗಿದ್ದಳು. ರಾತ್ರಿ ಯಾರೂ ಎದ್ದಿರಲಿಲ್ಲ. ನಾನೂ ಎದ್ದಿರಲಿಲ್ಲ; ಒಂದು ಪ್ಲಗ್ಗನ್ನೂ ಮುಟ್ಟಿ ನೋಡಿರಲಿಲ್ಲ.

ಹೊಸ್ತಿಲ ಮೇಲೆ ಕೂತೆ. ಕಾಲೇಜಿಗೆ ಫೋನು ಮಾಡಿ ಏನು ಹೇಳುವುದೆಂದು ಯೋಚಿಸಿ, ನಿದ್ದೆ ಬಂದಿತ್ತು ಎಂದು ನಿಜವನ್ನೇ ಹೇಳಿದೆ. ಆ ದನಿಗೆ ಕೂಸು ಮಿಸುಕಿತು. ದೊಡ್ಡವ್ವ ಕಣ್ಣು ಬಿಟ್ಟಳು, ಬಿಸಿಲು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟೊತ್ತನಕ ಯಾಕ ಎಬ್ಬಿಸಿಲ್ಲ?" ಎಂದಳು. ಎದ್ದು ಕೂತು, ಸೀರೆ ಮೊಣಕಾಲ ಮೇಲೆ ಏರಿಸಿ ಕಟ್ಟಿಕೊಂಡಳು. "ನಸೀಮಾಗ ಬರೋದು ಬ್ಯಾಡಂತ ಹೇಳು. ನೀರ್ ಕಾಸು. ಕೂಸಿಗಿ ನಾನೇ ಎರಿತೀನಿ."

ನಾನು ನೀರು ಕಾಸಲು ಹೋದೆ.